ಫ್ಯಾನ್ ಮಸುಕಾಗಿಯೇ ಇರಲಿ

ಮಂಗಳೂರಿನ ಬಜ್ಪೆ ನಿಲ್ದಾಣದಿಂದ ಮೇಲೇರುವ, ರೆಕ್ಕೆಗಳಲ್ಲಿ ಫ್ಯಾನ್ ತಿರುಗುವ ಎಟಿಆರ್ 72 ವಿಮಾನದ ನಾನು ತೆಗೆದ ಚಿತ್ರವನ್ನು ಯಾರಿಗೆ ತೋರಿಸಿದರೂ ಪ್ರಶ್ನೆ ಒಂದೇ: ಇಷ್ಟು ಬೆಲೆಯ ಕ್ಯಾಮೆರಾ ಇದ್ದೂ ಫ್ಯಾನ್ ಏಕೆ ಮಸುಕಾಗಿದೆ? ಬಾಯಿಯಲ್ಲಿ ಉತ್ತರಿಸಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ. ಅದು ಮಸುಕಾಗಿರುವುದು ನಾನು ಹಾಗೆ ಬಯಸಿದ್ದರಿಂದ.

ಉಡುಪಿಯ ಒಂದು ಮದುವೆಯಲ್ಲಿ ಊಟದ ಪಂಕ್ತಿಗೆ ಕಾಯುತ್ತಿದ್ದಾಗ ಹೆಂಡತಿಯ ಸೋದರಮಾವ ನನ್ನ ಫೋನನ್ನು ಕೈಗೆ ತೆಗೆದುಕೊಂಡು, ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ, "ಇದೆಂಥದು ಮಾರಾಯ್ರೆ, ಕೈ ಅಲುಗಿತಾ?" ಎಂದರು. ಸುತ್ತಲಿನವರು ನಕ್ಕರು. ನೆತ್ತಿಯ ಮೇಲೆ ಭರದಿಂದ ತಿರುಗುತ್ತಿದ್ದ ಫ್ಯಾನನ್ನು ತೋರಿಸಿ, "ಅದಕ್ಕೆ ಎಷ್ಟು ಬ್ಲೇಡ್ ಉಂಟು, ನೋಡಿ ಎಣಿಸಿ ಮಾವಾ" ಎಂದೆ. ಅವರು ತಲೆಯನ್ನೂ ಎತ್ತದೆ "ಮೂರು" ಎಂದುಬಿಟ್ಟರು.

ಅಂದು ಹೇಳಲಾಗದ ಲೆಕ್ಕ ಇದು. ಎಟಿಆರ್ 72-600 ಮಾದರಿಯ ಫ್ಯಾನಿಗೆ, ಅಂದರೆ ಪ್ರೊಪೆಲ್ಲರಿಗೆ, ಆರು ಬ್ಲೇಡುಗಳು. ನೆಲ ಬಿಟ್ಟೇಳುವಾಗ ಅದು ನಿಮಿಷಕ್ಕೆ ಸುಮಾರು 1200 ಸುತ್ತು, ಅಂದರೆ ಸೆಕೆಂಡಿಗೆ 20 ಸುತ್ತು ತಿರುಗುತ್ತದೆ. ಒಂದು ಬ್ಲೇಡಿನಿಂದ ಇನ್ನೊಂದಕ್ಕೆ 60 ಡಿಗ್ರಿ ಅಂತರ. ಕ್ಯಾಮೆರಾದೊಳಕ್ಕೆ ಬೆಳಕು ಬಿಡುವ ಶಟರನ್ನು ಸೆಕೆಂಡಿನ 1/125 ಭಾಗದಷ್ಟು ಹೊತ್ತು ತೆರೆದಿಟ್ಟರೆ ಪ್ರತಿಯೊಂದು ಬ್ಲೇಡ್ ಹೆಚ್ಚುಕಡಿಮೆ ಪಕ್ಕದ ಬ್ಲೇಡಿನ ಜಾಗದವರೆಗೆ ಸರಿಯುವುದರಿಂದ ಚಿತ್ರದಲ್ಲಿ ತುಂಬು ಚಕ್ರವೊಂದು ಮೂಡುತ್ತದೆ. ಈ 1/125 ಅನ್ನು ನಾನು ಆಯ್ದುಕೊಂಡದ್ದು ಅದಕ್ಕಾಗಿಯೇ ಹೊರತು ಕೈನಡುಕದ ಕಾಯಿಲೆಯಿಂದಲ್ಲ.

ಯಾರಾದರೂ ಕೇಳಬೇಕಿದ್ದ ಪ್ರಶ್ನೆ ಬೇರೆಯೇ ಇದೆ: ಹಾಗಾದರೆ ವಿಮಾನದ ಮೈ ಮಾತ್ರ ಹೇಗೆ ಸ್ಪಷ್ಟವಾಗಿ ಬಂತು? ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿರುವ ವಿಮಾನ ಅಷ್ಟೇ ಹೊತ್ತಿನಲ್ಲಿ ಹೆಚ್ಚುಕಡಿಮೆ ಒಂದು ಮೊಳ ಮುಂದೆ ಹೋಗಿರುತ್ತದೆ. ಕಾಲುಗಳನ್ನು ಊರಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಸೊಂಟದಿಂದ ಮೇಲಿನ ಮೈಯನ್ನು ವಿಮಾನದ ಜೊತೆಗೇ, ಅದರ ವೇಗದಲ್ಲೇ ತಿರುಗಿಸಬೇಕು. ಕ್ಲಿಕ್ಕಿಸಿದ ಮೇಲೂ ತಿರುಗುತ್ತಲೇ ಇರಬೇಕು. ವಿಮಾನ ನೇರ ಅಡ್ಡಲಾಗಿ ಹಾದುಹೋಗುವಾಗ ಇದು ಸುಲಭ, ಆದರೆ ಆಗ ಪ್ರೊಪೆಲ್ಲರ್ ಬರಿಯ ಗೆರೆಯಂತೆ ಕಾಣುತ್ತದೆ. ಚಕ್ರ ಕಾಣಬೇಕಾದರೆ ಅದು ಓರೆಯಾಗಿ ನಮ್ಮತ್ತ ಬರುತ್ತಿರಬೇಕು. ಆಗ ಗಳಿಗೆ ಗಳಿಗೆಗೂ ದೊಡ್ಡದಾಗುವ ವಿಮಾನದ ಮೂತಿ ಮತ್ತು ಬಾಲ ಚೌಕಟ್ಟಿನಲ್ಲಿ ಒಂದೇ ವೇಗದಲ್ಲಿ ಸರಿಯುವುದಿಲ್ಲವಾದ್ದರಿಂದ ಮೂತಿ ಸ್ಪಷ್ಟವಾದರೆ ಬಾಲ ಕದಡುತ್ತದೆ. ಬಜ್ಪೆಯ ಓಡುದಾರಿ ಗುಡ್ಡದ ನೆತ್ತಿಯಲ್ಲಿದೆ. ಕೆಳಗಿನ ಕಣಿವೆಯಲ್ಲಿ ನಿಂತವನಿಗೆ ಕತ್ತನ್ನೂ ಎತ್ತುತ್ತಾ ತಿರುಗುವ ಕಷ್ಟ ಇನ್ನೊಂದು. ಇಷ್ಟಾದರೂ ನನ್ನ ಚಿತ್ರದಲ್ಲಿ ಸ್ಪಷ್ಟವಾಗಿಯೇ ಬಂದಿರುವ ಆ ಬಾಲವನ್ನು ಇದುವರೆಗೆ ಯಾರೂ ಹಿಗ್ಗಿಸಿ ನೋಡಿಲ್ಲ.

ಬ್ಲೇಡುಗಳು ಎಣಿಸುವಂತೆಯೇ ಇರಬೇಕೆಂದು ಹಟ ಹಿಡಿಯುವವರಿಗೆ ಬ್ಲೇಡು ನಿಂತಂತೆಯೇ ಕಾಣುವ 1/2000ರಲ್ಲಿ ತೆಗೆದುಕೊಡುತ್ತೇನೆ, ಅದರಲ್ಲಿ ನನಗೆ ಶ್ರಮವೂ ಕಡಿಮೆ. ಎಂಜಿನ್ ನಿಂತುಹೋದ ವಿಮಾನ ಬೀಳದೆ ಹೇಗೆ ಉಳಿಯಿತು ಎಂದು ಮಾತ್ರ ಆಮೇಲೆ ಕೇಳಬಾರದು.