ಮೂರನೆಯ ಸಲ ಕರೆದಾಗ ಒಪ್ಪುವುದು

ಚೀನೀ ಭಾಷೆಯನ್ನು ಕಲಿಯತೊಡಗಿದ ಹೊಸದರಲ್ಲಿ ಲಿಪಿಗಿಂತ ಹೆಚ್ಚಾಗಿ ನನ್ನನ್ನು ಗಲಿಬಿಲಿಗೊಳಿಸಿದ್ದು ಚೀನೀಯರು ಊಟಕ್ಕೆ ಕರೆಯುವ ರೀತಿ. 'ಗಾಯ್‌ಥ್ಯೆನ್' ಎಂದರೆ 'ಇನ್ನೊಂದು ದಿನ'. ಬೀಳ್ಕೊಡುವಾಗ 'ಗಾಯ್‌ಥ್ಯೆನ್ ಒಟ್ಟಿಗೆ ಊಟ ಮಾಡೋಣ' ಎಂದವರಿಗೆ 'ಯಾವತ್ತು?' ಎಂದು ಕೇಳಿದರೆ ಇಬ್ಬರಿಗೂ ಮುಜುಗರ, ಏಕೆಂದರೆ ಅದು ಬಹುಮಟ್ಟಿಗೆ ಉಪಚಾರದ ಮಾತು. ವಾರ, ಗಂಟೆ, ಸ್ಥಳಗಳನ್ನು ಹೇಳಿ ಕರೆದರೆ ಮಾತ್ರ ಅದನ್ನು ನಿಜವಾದ ಕರೆಯೆಂದು ತಿಳಿಯಬಹುದು.

ನಿಜವಾಗಿ ಕರೆಯುವವರು ತಮ್ಮ ಊಟವನ್ನು 'ಬ್ಯೆನ್‌ಫಾನ್', ಅಂದರೆ ಇದ್ದುದರಲ್ಲೇ ಒಂದು ಸಾದಾ ಊಟ, ಎಂದು ತಗ್ಗಿಸಿಯೇ ಹೇಳುತ್ತಾರೆ. ಹೋಗಿ ನೋಡಿದರೆ ಇಡಿಯ ಮೀನೂ ಸೇರಿದಂತೆ ಮೇಜಿನ ತುಂಬ ಬಟ್ಟಲುಗಳಿರುತ್ತವೆ, ಆದರೂ ಮನೆಯೊಡತಿ 'ಏನೂ ಮಾಡಿಲ್ಲ' ಎನ್ನುತ್ತಾರೆ. (ನಮ್ಮ ಅಜ್ಜಿಯಂದಿರ ಮಾತೂ ಇದೇ ಅಲ್ಲವೇ!) ಅತಿಥಿಯಾದವರು, ಅದರಲ್ಲೂ ಹಳೆಯ ತಲೆಮಾರಿನವರು, ಮೊದಲ ಕರೆಗೇ ಒಪ್ಪದೆ 'ನಿಮಗೇಕೆ ತೊಂದರೆ' ಎಂದು ಒಂದೆರಡು ಸಲ ಹಿಂಜರಿದು, ಒತ್ತಾಯ ನಿಲ್ಲದಿದ್ದಾಗ 'ಗುಂಗ್‌ಜಿಂಗ್ ಬುರು ತ್ಸುಂಗ್‌ಮಿಂಗ್' ಎಂದು ಒಪ್ಪುತ್ತಾರೆ, ಬರಿಯ ವಿನಯಕ್ಕಿಂತ ಹೇಳಿದ್ದನ್ನು ಪಾಲಿಸುವುದೇ ಮೇಲು ಎಂಬುದು ಅದರ ಅರ್ಥ. ಸೋತೂ ಮರ್ಯಾದೆ ಉಳಿಸಿಕೊಳ್ಳುವ ಇಂಥ ಸೊಗಸಾದ ಮಾತು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಬರಲಾಗದವರು 'ಇಲ್ಲ' ಎನ್ನುವುದು ಅಪರೂಪ. 'ಆ ದಿನ ಸ್ವಲ್ಪ ಕೆಲಸವಿರಬಹುದು, ನೋಡೋಣ' ಎಂದರೆ ಬರುವುದಿಲ್ಲವೆಂದೇ ತಿಳಿಯಬೇಕು. ಕಾರಣವನ್ನು ಕೆದಕಿ ಕೇಳುವುದು ಒರಟುತನ. ಹೋಟೆಲಿನಲ್ಲಾದರೋ ಕೊನೆಯ ಹಂತ ಇನ್ನೂ ಬಾಕಿ: ಬಿಲ್ಲನ್ನು ತಾನೇ ಕೊಡುತ್ತೇನೆಂದು ಇಬ್ಬರು ತೋಳು ಹಿಡಿದು ಜಗ್ಗಾಡುವಾಗ, ಕೈ ತೊಳೆಯಲು ಹೋಗುವ ನೆಪದಲ್ಲಿ ಮೊದಲೇ ಎದ್ದುಹೋದ ಇನ್ನೊಬ್ಬರು ಹಣ ಕೊಟ್ಟು ಮುಗಿಸಿರುತ್ತಾರೆ.