147 ಅಲ್ಲ, 56

2016ರ ಆಗಸ್ಟ್ ತಿಂಗಳ ಒಂದು ರಾತ್ರಿ. ಡೆಸ್ಕ್‌ನಲ್ಲಿ ಪತ್ರಿಕೆಯ ವಿದೇಶ ಪುಟ ನನ್ನದು. ದೂರದ ಊರುಗಳಿಗೆ ಹೋಗುವ ಡಾಕ್ ಆವೃತ್ತಿಗೆ ಪುಟ ಬಿಡಲು ಇನ್ನು ಇಪ್ಪತ್ತು ನಿಮಿಷ ಇತ್ತು. ಜಾಹೀರಾತೊಂದು ಕೊನೇ ಗಳಿಗೆಯಲ್ಲಿ ಬೇರೆ ಪುಟಕ್ಕೆ ಹೋಗಿ, ಬಲಗಡೆ ಎರಡು ಕಾಲಂ ಖಾಲಿ ಬಿದ್ದಿತ್ತು. ಸುದ್ದಿಸಂಸ್ಥೆಗಳು ಕಳಿಸಿದ ಏಜೆನ್ಸಿ ಕಾಪಿಗಳನ್ನು ತಡಕಾಡುವಾಗ ಒಂದು ಸುದ್ದಿ ಸಿಕ್ಕಿತು. ಅಮೆರಿಕದ ಟೆಕ್ಸಾಸ್‌ನಲ್ಲಿ ಗರ್ಭಿಣಿ, ಬಾಣಂತಿಯರ ಸಾವಿನ ಪ್ರಮಾಣ ಎರಡೇ ವರ್ಷದಲ್ಲಿ ಹೆಚ್ಚೂಕಡಿಮೆ ದುಪ್ಪಟ್ಟು ಅಂತ ಒಂದು ಅಧ್ಯಯನ.

ಎಷ್ಟು ಬೇಗ ಭಾಷಾಂತರ ಮಾಡಿದೆ ಅಂತ ಈಗಲೂ ನೆನಪಿದೆ. ಹನ್ನೆರಡು ನಿಮಿಷ. ಆರೋಗ್ಯಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ದುಡ್ಡು ಸುರಿಯುವ ದೇಶದಲ್ಲಿ ಹೆರಿಗೆಗೆ ಹೋದವಳು ಸಾಯ್ತಾಳೆ ಅಂದರೆ ಅದಕ್ಕಿಂತ ಒಳ್ಳೆ ಸುದ್ದಿ ಬೇಕಾ? ಕೈ ತಾನೇ ಓಡಿತು. ‘ದುಡ್ಡಿದೆ, ತಾಯಿಗೆ ಜೀವವಿಲ್ಲ’ ಅಂತ ತಲೆಬರಹ ಕೊಟ್ಟೆ. ಮುಖ್ಯ ಉಪ ಸಂಪಾದಕರು ನೋಡಿ ಚೆನ್ನಾಗಿದೆ ಅಂದರು.

ಕಾಪಿ ಉದ್ದ ಇತ್ತು, ಜಾಗ ಕಡಿಮೆ. ಸುದ್ದಿಯನ್ನು ಬಾಲದಿಂದ ಕತ್ತರಿಸು ಅನ್ನೋದು ಡೆಸ್ಕ್‌ಗೆ ಬಂದ ಮೊದಲ ವಾರವೇ ಕಲಿಸುವ ಪಾಠ. ಕೊನೆಯ ಎರಡು ಪ್ಯಾರಾ ತೆಗೆದೆ. ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿದೆ. 2011ರಲ್ಲಿ ಟೆಕ್ಸಾಸ್ ಶಾಸನಸಭೆ ಕುಟುಂಬ ಯೋಜನೆಯ ಅನುದಾನವನ್ನು ದೊಡ್ಡ ಪ್ರಮಾಣದಲ್ಲಿ ಕಡಿತ ಮಾಡಿತ್ತು, ಎಷ್ಟೋ ಕ್ಲಿನಿಕ್ ಮುಚ್ಚಿದ್ದವು. ಸಾವು ಹೆಚ್ಚಿದ್ದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ಕೆಲವರು ಹೇಳಿದ್ದು ಕಾಪಿಯಲ್ಲಿತ್ತು. ನನ್ನ ಕನ್ನಡದಲ್ಲಿ ಅದು ‘ಇದೇ ಕಾರಣ’ ಆಗಿಬಿಟ್ಟಿತು. ‘ಇರಬಹುದು’ ಅನ್ನೋ ಪದಕ್ಕೆ ಸಾಲಿನಲ್ಲಿ ಜಾಗ ಸಿಕ್ಕಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಏಳಕ್ಕೆಲ್ಲ ತಿಪಟೂರಿನಿಂದ ತಂಗಿಯ ಫೋನು.

“ಅಕ್ಕಾ, ನಿಮ್ಮ ಪೇಪರಲ್ಲಿ ಟೆಕ್ಸಾಸ್ ವಿಷ್ಯ ಬಂದಿದ್ಯಲ್ಲ, ನೀನೇ ಬರ್ದಿದ್ದಾ?”

ಅವಳ ಮಗಳು ಆಗ ಡಲ್ಲಾಸ್‌ನಲ್ಲಿದ್ದಳು. ಆರು ತಿಂಗಳ ಬಸುರಿ. ಪುಟ ಮಾಡುವಾಗ ಅದು ನನ್ನ ತಲೆಗೇ ಬಂದಿರಲಿಲ್ಲ.

“ಇಲ್ಲಿಗೇ ಕರೆಸ್ಕೊಂಡ್ಬಿಡ್ಲಾ? ತಿಂಗಳು ತುಂಬ್ತಾ ಬಂದ್ರೆ ವಿಮಾನದಲ್ಲಿ ಹತ್ತಿಸ್ಕೊಳ್ಳಲ್ವಂತೆ. ನೀನೇ ಹೇಳಕ್ಕ, ಏನ್ ಮಾಡ್ಲಿ?”

ಹೆದರಬೇಡ, ಅದು ಇಡೀ ರಾಜ್ಯದ ಲೆಕ್ಕ, ನಮ್ಮ ಹುಡುಗಿಗೆ ಏನೂ ಆಗಲ್ಲ ಅಂದೆ. ನಾನೇ ಎರಡು ಕಾಲಂ ಹೆದರಿಸಿ, ನಾನೇ ಹೆದರಬೇಡ ಅಂದೆ. ಅವತ್ತಾದರೂ ಆಫೀಸಿಗೆ ಹೋಗಿ ಕತ್ತರಿಸಿದ ಆ ಎರಡು ಪ್ಯಾರಾ ಓದಬೇಕಿತ್ತು. ಓದಲಿಲ್ಲ.

ತಂಗಿ ಬಾಣಂತನಕ್ಕೆ ಅಕ್ಟೋಬರ್‌ನಲ್ಲಿ ಹೊರಟಳು. ಅಂಟಿನುಂಡೆ, ಓಮ, ಒಣಶುಂಠಿ, ಹಳೇ ಸೀರೆಯಲ್ಲಿ ಹೊಲಿದ ನಾಲ್ಕು ಕುಲಾವಿ. ನವೆಂಬರ್‌ನಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಎರಡು ರಾತ್ರಿ ಕಳೆದು ಮನೆಗೆ ಕಳಿಸಿದರು.

ಆಮೇಲೆ ಬಂತು ಬಿಲ್ಲು. ತಂಗಿ ಅದರ ಒಂದೊಂದೇ ಪುಟದ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದಳು. ಹನ್ನೊಂದು ಪುಟ. ನೋವಿನ ಮಾತ್ರೆಗೆ ಒಂದು ಸಾಲು, ಮಗು ಮಲಗಿಸಿದ ತೊಟ್ಟಿಲಿನ ಕೋಣೆಗೆ ಇನ್ನೊಂದು ಸಾಲು. ಬೆನ್ನಿಗೆ ಇಂಜೆಕ್ಷನ್ ಕೊಟ್ಟ ವೈದ್ಯರದ್ದು ಬೇರೆ ಕಂಪನಿ, ಅವರ ಬಿಲ್ಲು ಬೇರೆ ಲಕೋಟೆಯಲ್ಲಿ. ಒಟ್ಟು 23 ಸಾವಿರ ಡಾಲರ್ ಚಿಲ್ಲರೆ. ವಿಮೆ ಕಳೆದು ಕೈಯಿಂದ ಕೊಟ್ಟಿದ್ದು ನಾಲ್ಕು ಸಾವಿರ. ಇದೇ ಹುಡುಗಿ 1989ರಲ್ಲಿ ತಿಪಟೂರಿನಲ್ಲಿ ಹುಟ್ಟಿದಾಗ ನರ್ಸಿಂಗ್ ಹೋಮ್‌ನವರು ಲೆಕ್ಕ ಬರೆದುಕೊಟ್ಟಿದ್ದು ಅಂಗೈ ಅಗಲದ ಒಂದು ಚೀಟಿಯಲ್ಲಿ. ತಂಗಿ ಅದನ್ನು ಇನ್ನೂ ಬೀರುವಿನಲ್ಲಿ ಇಟ್ಟಿದ್ದಾಳೆ.

ಈ ಬಿಲ್ಲು ಒಂದು ಮನೆಯ ಕತೆಯಾಯಿತು. ಇಡೀ ದೇಶದ ಲೆಕ್ಕ ನೋಡಿದರೂ ಹೀಗೇ ಇದೆ. 2023ರಲ್ಲಿ ಅಮೆರಿಕ ಆರೋಗ್ಯಕ್ಕೆ ಮಾಡಿದ ಖರ್ಚು ಅದರ ಜಿಡಿಪಿಯ 17.6%. ತಲೆಗೆ 14,570 ಡಾಲರ್, ಅಂದರೆ ಸುಮಾರು 12 ಲಕ್ಷ ರೂಪಾಯಿ. ಅದೇ ವರ್ಷ ಅಲ್ಲಿನ ಸರಾಸರಿ ಆಯಸ್ಸು 78.4 ವರ್ಷ. ಜಪಾನ್‌ನಲ್ಲಿ ತಲೆಗೆ ಖರ್ಚು ಇದರ ಅರ್ಧಕ್ಕಿಂತ ಕಡಿಮೆ, ಆಯಸ್ಸು ಮಾತ್ರ 84ರ ಆಸುಪಾಸು. ಈ ಎರಡು ಸಂಖ್ಯೆಯನ್ನು ಅಕ್ಕಪಕ್ಕ ಇಟ್ಟರೆ ಸಾಕು, ತಲೆಬರಹ ತಾನಾಗಿ ಹುಟ್ಟುತ್ತದೆ. ನಾನೇ ಅಂಥದ್ದು ಎಷ್ಟು ಬರೆದಿದ್ದೀನೋ.

ಆದರೆ ಈ ಎರಡು ಸಂಖ್ಯೆ ಬೇರೆ ಬೇರೆ ದಾರಿಯಲ್ಲಿ ಬಂದಿವೆ. ಖರ್ಚಿನ ಸಂಖ್ಯೆ ಬಹುಪಾಲು ಬೆಲೆಯ ಕತೆ. ಪ್ರಿನ್ಸ್‌ಟನ್‌ನ ಅರ್ಥಶಾಸ್ತ್ರಜ್ಞ ಊವೆ ರೈನ್‌ಹಾರ್ಟ್ ಮತ್ತು ಜೊತೆಗಾರರು 2003ರಲ್ಲೇ ಇದನ್ನು ಬಿಡಿಸಿ ತೋರಿಸಿದ್ದರು. ಅಮೆರಿಕದವರು ಬೇರೆ ಶ್ರೀಮಂತ ದೇಶದವರಿಗಿಂತ ಜಾಸ್ತಿ ಸಲ ಡಾಕ್ಟರ ಹತ್ತಿರ ಹೋಗುವುದಿಲ್ಲ, ಜಾಸ್ತಿ ದಿನ ಆಸ್ಪತ್ರೆಯಲ್ಲಿ ಮಲಗುವುದೂ ಇಲ್ಲ. ಅದೇ ಚಿಕಿತ್ಸೆಗೆ ಜಾಸ್ತಿ ಬೆಲೆ ತೆರುತ್ತಾರೆ. ತಂಗಿ ಕಳಿಸಿದ ಹನ್ನೊಂದು ಪುಟ ಇದನ್ನೇ ಹೇಳುತ್ತಿದ್ದವು.

ಆಯಸ್ಸಿನ ಸಂಖ್ಯೆಯ ಒಳಗೆ ಆಸ್ಪತ್ರೆಯ ಬಾಗಿಲು ದಾಟದ ಸಾವುಗಳೂ ಇವೆ. ಅಮೆರಿಕದಲ್ಲಿ 2021 ಮತ್ತು 2022ರಲ್ಲಿ ಡ್ರಗ್ಸ್ ಅತಿಯಾಗಿ ತೆಗೆದುಕೊಂಡು ಸತ್ತವರು ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು. ಬಂದೂಕಿನಿಂದ, ರಸ್ತೆ ಅಪಘಾತದಿಂದ ಸತ್ತವರು ಆಗ ವರ್ಷಕ್ಕೆ ತಲಾ ನಲವತ್ತು ಸಾವಿರ ದಾಟಿದ್ದರು. ಇವರೆಲ್ಲ ಹೆಚ್ಚಾಗಿ ಹರೆಯದವರು, ನಡುವಯಸ್ಸಿನವರು. ಇಪ್ಪತ್ತೈದರ ಹುಡುಗನೊಬ್ಬ ಸತ್ತರೆ ಸರಾಸರಿಗೆ ಕೂಡಿಸುವ ಒಟ್ಟು ಲೆಕ್ಕದಿಂದ ಐವತ್ತು ವರ್ಷ ಕಳೆದಂತೆ. ಇದಕ್ಕೆ ಡಾಕ್ಟರನ್ನು ಬೈದರೆ ಏನು ಬಂತು? ಅಲ್ಲಿನ ವ್ಯವಸ್ಥೆ ಸರಿಯಿದೆ ಅಂತ ನಾನು ಹೇಳ್ತಾ ಇಲ್ಲ. ಸರಿಯಿಲ್ಲ. ಅದು ಎಲ್ಲಿ ಕೆಟ್ಟಿದೆ ಅನ್ನೋದು ಓದುಗರಿಗೆ ಗೊತ್ತಾಗಬೇಕು ಅಷ್ಟೇ.

ಮತ್ತೆ ಟೆಕ್ಸಾಸ್‌ಗೆ ಬರ್ತೀನಿ.

2018ರ ಏಪ್ರಿಲ್. ಮೊದಲ ಅಧ್ಯಯನ ಬಂದಿದ್ದ ಅದೇ ವೈದ್ಯಕೀಯ ಪತ್ರಿಕೆಯಲ್ಲಿ, ‘ಅಬ್‌ಸ್ಟೆಟ್ರಿಕ್ಸ್ ಅಂಡ್ ಗೈನಕಾಲಜಿ’ಯಲ್ಲಿ, ಇನ್ನೊಂದು ಅಧ್ಯಯನ ಬಂತು. ಟೆಕ್ಸಾಸ್‌ನ ಆರೋಗ್ಯ ಇಲಾಖೆಯವರು ಆ ಏರಿಕೆಯ ಅವಧಿಗೇ ಸೇರಿದ 2012ರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದ್ದರು. ಮರಣ ಪತ್ರದ ಪಕ್ಕದಲ್ಲಿ ಮಗುವಿನ ಜನನ ಪತ್ರ, ಆಸ್ಪತ್ರೆಯ ದಾಖಲೆ, ಮರಣೋತ್ತರ ಪರೀಕ್ಷೆಯ ವರದಿ ಇಟ್ಟು ನೋಡಿದರು. ಮರಣ ಪತ್ರಗಳ ಪ್ರಕಾರ ಹೆರಿಗೆಗೆ ಸಂಬಂಧಿಸಿ ಸತ್ತವರು 147. ಪರಿಶೀಲನೆ ಮುಗಿದ ಮೇಲೆ ಉಳಿದಿದ್ದು 56. ಲಕ್ಷ ಜೀವಂತ ಜನನಕ್ಕೆ 38.4 ಇದ್ದ ಪ್ರಮಾಣ 14.6ಕ್ಕೆ ಇಳಿಯಿತು. ಆ 147ರಲ್ಲಿ ಹೆಚ್ಚೂಕಡಿಮೆ ಅರ್ಧ ಹೆಂಗಸರು ಗರ್ಭಿಣಿಯರಾಗಿದ್ದರು ಅನ್ನೋದಕ್ಕೆ ಯಾವ ಪುರಾವೆಯೂ ಇರಲಿಲ್ಲ.

ಆಗಿದ್ದೇನು ಅಂದರೆ, 2003ರಲ್ಲಿ ಅಮೆರಿಕದ ಮರಣ ಪತ್ರದ ನಮೂನೆ ಬದಲಾಯಿತು. ಸತ್ತವಳು ಗರ್ಭಿಣಿಯಾಗಿದ್ದಳೇ, ಇತ್ತೀಚೆಗೆ ಹೆತ್ತಿದ್ದಳೇ ಅನ್ನೋದಕ್ಕೆ ಒಂದು ಚೌಕ ಸೇರಿಸಿದರು. ಉದ್ದೇಶ ಒಳ್ಳೆಯದೇ, ಅಲ್ಲಿಯವರೆಗೆ ಎಷ್ಟೋ ಸಾವು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಆದರೆ ಟೆಕ್ಸಾಸ್‌ನಲ್ಲಿ ಇದನ್ನು ಕಂಪ್ಯೂಟರ್‌ನಲ್ಲಿ ತುಂಬುವಾಗ ಕೆಳಗೆ ಬಿಚ್ಚಿಕೊಳ್ಳುವ ಪಟ್ಟಿಯಿಂದ ಉತ್ತರ ಆರಿಸಬೇಕಿತ್ತು. ಅಲ್ಲಿ ಕೈತಪ್ಪಿ ಬೇರೆ ಸಾಲು ಒತ್ತಿದ್ದು ಒಂದು ಕಾರಣ ಇರಬಹುದು ಅಂದರು ಅಧ್ಯಯನ ಮಾಡಿದವರು. ಬೆರಳು ಒಂದು ಸಾಲು ಕೆಳಗೆ ಜಾರಿದರೆ ಬೇರೇನೋ ಕಾಯಿಲೆಯಿಂದ ಸತ್ತ ಹೆಂಗಸು ಬಾಣಂತಿಯ ಲೆಕ್ಕಕ್ಕೆ ಸೇರಿಬಿಡ್ತಾಳೆ. ಒಂದೊಂದು ರಾಜ್ಯ ಒಂದೊಂದು ವರ್ಷ ಈ ನಮೂನೆಗೆ ಬದಲಾಯಿತು. ಅದರಿಂದ ಗೊಂದಲ ಎಷ್ಟಾಯಿತು ಅಂದರೆ, 2007ರ ನಂತರದ ಹತ್ತು ವರ್ಷಗಳಿಗೆ ಅಮೆರಿಕದ ಸರ್ಕಾರ ತಾಯಂದಿರ ಮರಣದ ಅಧಿಕೃತ ಪ್ರಮಾಣವನ್ನೇ ಪ್ರಕಟಿಸಲಿಲ್ಲ. 2018ರ ಸಂಖ್ಯೆ ಬಂದಿದ್ದು 2020ರ ಜನವರಿಯಲ್ಲಿ: ಲಕ್ಷಕ್ಕೆ 17.4.

ಇದನ್ನೆಲ್ಲ ಓದಿದ ರಾತ್ರಿ ನಾನು 2016ರ ಮೂಲ ಅಧ್ಯಯನವನ್ನು ಮೊದಲ ಸಲ ತೆಗೆದು ನೋಡಿದೆ. ತಪ್ಪು ಎಣಿಕೆಯಿಂದ ಬಂದ ಏರಿಕೆ ಎಷ್ಟು, ನಿಜವಾದ ಏರಿಕೆ ಎಷ್ಟು ಅಂತ ಬೇರ್ಪಡಿಸುವುದೇ ತಮ್ಮ ಕೆಲಸ ಅಂತ ಅದರ ಶೀರ್ಷಿಕೆಯಲ್ಲೇ ಹೇಳಿದ್ದರು. ಒಳಗೆ ಟೆಕ್ಸಾಸ್ ಬಗ್ಗೆ ಇನ್ನೂ ಸ್ಪಷ್ಟ ಮಾತಿತ್ತು. ಯುದ್ಧ ಇಲ್ಲ, ಪ್ರಕೃತಿ ವಿಕೋಪ ಇಲ್ಲ, ದೊಡ್ಡ ಆರ್ಥಿಕ ಕುಸಿತ ಇಲ್ಲ. ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು ಹುಟ್ಟುವ ರಾಜ್ಯದಲ್ಲಿ ಎರಡೇ ವರ್ಷಕ್ಕೆ ಸಾವು ದುಪ್ಪಟ್ಟಾಗುವುದು ನಂಬಲು ಕಷ್ಟ ಅಂತ ಸಂಶೋಧಕರೇ ಬರೆದಿದ್ದರು.

ಏಜೆನ್ಸಿ ಕಾಪಿಯ ಪ್ರತಿ ನನ್ನ ಮೇಲ್‌ನಲ್ಲಿತ್ತು. ಹುಡುಕಿದೆ. ನಾನು ಕತ್ತರಿಸಿದ ಎರಡು ಪ್ಯಾರಾಗಳಲ್ಲಿ ಮೊದಲನೆಯದು ಇದೇ.

ಮಾರನೇ ದಿನ ತಿದ್ದುಪಡಿ ಹಾಕೋಣ ಅಂತ ಮೀಟಿಂಗ್‌ನಲ್ಲಿ ಕೇಳಿದೆ. “ಎರಡು ವರ್ಷದ ಹಿಂದಿನ ವಿದೇಶ ಸುದ್ದಿ, ಯಾರಿಗೆ ನೆನಪಿರುತ್ತೆ ಮೇಡಂ” ಅಂದರು. ನಾನು ಸುಮ್ಮನಾದೆ. ಅದು ಅವರ ತಪ್ಪಲ್ಲ, ನನ್ನದು. ಸಿಂಗಲ್ ಕಾಲಂನಲ್ಲಿ ಆರು ಸಾಲು ಬೇಕಿತ್ತು. ಅಷ್ಟನ್ನು ನಾನು ಹಟ ಹಿಡಿದು ಕೇಳಲಿಲ್ಲ.

ಅವತ್ತು ಯಾಕೆ ಅನುಮಾನ ಬರಲಿಲ್ಲ ಅಂತ ಎಷ್ಟೋ ಸಲ ಯೋಚಿಸಿದ್ದೀನಿ. ಆ ಸಂಖ್ಯೆ ನಾನು ಮೊದಲೇ ನಂಬಿದ್ದನ್ನು ಹೇಳುತ್ತಿತ್ತು. ದುಡ್ಡಿನಿಂದ ನಡೆಯುವ ಆಸ್ಪತ್ರೆ ಬಡವಿಯ ಜೀವ ಉಳಿಸಲ್ಲ ಅನ್ನೋದು ನನ್ನ ನಂಬಿಕೆ, ಈಗಲೂ ಅದೇ. ನನ್ನ ನಂಬಿಕೆಗೆ ಎದುರಾದ ಸಂಖ್ಯೆ ಬಂದಿದ್ದರೆ ಯಾರು ಎಣಿಸಿದ್ದು, ಹೇಗೆ ಎಣಿಸಿದ್ದು ಅಂತ ಹತ್ತು ಪ್ರಶ್ನೆ ಕೇಳುತ್ತಿದ್ದೆ. ಇದು ಬಂದಾಗ ಒಂದನ್ನೂ ಕೇಳಲಿಲ್ಲ.

ಬೇಸರ ಏನೆಂದರೆ, ತಪ್ಪು ಸಂಖ್ಯೆಯ ಅಗತ್ಯವೇ ಇರಲಿಲ್ಲ. 2022ರಲ್ಲಿ ಅಮೆರಿಕದ ಕಪ್ಪು ತಾಯಂದಿರಲ್ಲಿ ಲಕ್ಷ ಜನನಕ್ಕೆ 49.5 ಸಾವು, ಬಿಳಿಯರಲ್ಲಿ 19. ನಾರ್ವೆ, ಜಪಾನ್‌ಗಳಲ್ಲಿ ಇದು ಒಂದಂಕಿಯಲ್ಲಿದೆ. ಎಣಿಕೆಯ ತಕರಾರು ಎಲ್ಲ ಕಳೆದರೂ ಈ ಅಂತರ ಮುಚ್ಚಿಹೋಗಲ್ಲ. ಆದರೆ ‘ದುಪ್ಪಟ್ಟು’ ಸುಳ್ಳು ಅಂತ ಗೊತ್ತಾದ ದಿನ, ಈ ನಿಜವಾದ ಅಂತರವನ್ನೂ ಜನ ಅನುಮಾನದಿಂದ ನೋಡ್ತಾರೆ. ಅದೂ ಸುಳ್ಳೇ ಇರಬೇಕು ಅಂತಾರೆ. ಅಲ್ವಾ?

ಇಂಥದ್ದೇ ಇನ್ನೊಂದು ಸಂಖ್ಯೆ ಇದೆ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 191 ದೇಶಗಳ ಆರೋಗ್ಯ ವ್ಯವಸ್ಥೆಗೆ ರ‍್ಯಾಂಕ್ ಕೊಟ್ಟಿತು. ಫ್ರಾನ್ಸ್ 1, ಅಮೆರಿಕ 37, ಭಾರತ 112. ಆ 37 ಅದೆಷ್ಟು ಸಂಪಾದಕೀಯಗಳಲ್ಲಿ ಬಂದಿದೆಯೋ ಲೆಕ್ಕವಿಲ್ಲ. ಎಷ್ಟೋ ದೇಶಗಳಿಂದ ಅಂಕಿಅಂಶವೇ ಸಿಗದೆ, ಅಲ್ಲೆಲ್ಲ ಅಂದಾಜು ತುಂಬಿದ್ದರು. ಆ ವರದಿಯ ಪ್ರಧಾನ ಸಂಪಾದಕರಾಗಿದ್ದ ಫಿಲಿಪ್ ಮಸ್‌ಗ್ರೋವ್ ಅವರೇ ಆಮೇಲೆ ಈ ರ‍್ಯಾಂಕ್ ಬಳಸಬೇಡಿ ಅಂತ ಬಹಿರಂಗವಾಗಿ ಬರೆದರು. ಸಂಸ್ಥೆ ಅಂಥ ಪಟ್ಟಿಯನ್ನು ಮತ್ತೆ ಮಾಡಲಿಲ್ಲ. ಆದರೂ 37 ಇನ್ನೂ ಓಡಾಡ್ತಾನೇ ಇದೆ.

ನಮ್ಮಲ್ಲಿ ಲೆಕ್ಕ ಬರುವ ದಾರಿಯೇ ಬೇರೆ. ಎಲ್ಲ ಸಾವಿಗೂ ಕಾರಣ ಬರೆದ ಪತ್ರ ಇರಲ್ಲ. ಹಾಗಾಗಿ ಮಾದರಿ ನೋಂದಣಿ ವ್ಯವಸ್ಥೆ ಅಂತ ಮಾಡಿ, ಆರಿಸಿದ ಹಳ್ಳಿ, ಬಡಾವಣೆಗಳಲ್ಲಿ ಎಣಿಸಿ ಮೂರು ವರ್ಷದ್ದನ್ನು ಒಟ್ಟು ಸೇರಿಸ್ತಾರೆ. 2018–20ರ ಲೆಕ್ಕದಲ್ಲಿ, ಲಕ್ಷ ಜನನಕ್ಕೆ ತಾಯಂದಿರ ಸಾವು ಕರ್ನಾಟಕ 69, ಕೇರಳ 19, ದೇಶ 97. ಆ ಕೋಷ್ಟಕದಲ್ಲಿ 69ರ ಜೊತೆಗೇ ಇನ್ನೊಂದು ಕಾಲಂ ಇರುತ್ತೆ: ನಿಜವಾದ ಸಂಖ್ಯೆ ಇಷ್ಟರಿಂದ ಇಷ್ಟರೊಳಗೆ ಇರಬಹುದು ಅಂತ. ಮೂವತ್ತು ವರ್ಷ ಡೆಸ್ಕ್‌ನಲ್ಲಿದ್ದೆ, ಆ ಕಾಲಂ ಅಚ್ಚಾಗಿದ್ದನ್ನು ಒಂದು ಸಲವೂ ನೋಡಿಲ್ಲ. ನಾನೂ ಹಾಕಿಸಲಿಲ್ಲ.

ಹೋದ ವಾರ ತಂಗಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಇಷ್ಟು ವರ್ಷ ಹೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಆ ಮೂರು ತಿಂಗಳು ನಂಗೆ ರಾತ್ರಿ ನಿದ್ದೆ ಬಂದಿಲ್ಲ ಅಕ್ಕ. ಸೋಮವಾರ ಒಪ್ಪೊತ್ತು ಮಾಡ್ತಿದ್ದೆ. ಆ ಪೇಪರ್ ತುಂಡು ದೇವರ ಗೂಡಲ್ಲಿಟ್ಟಿದ್ದೆ.” ಆಮೇಲೆ ಕೇಳಿದಳು: “ಈಗ್ಲೂ ಇದೆ. ಏನ್ ಮಾಡ್ಲಿ ಅದನ್ನ?”

ಹಿಂದುಗಡೆ ಬರೆದಿಟ್ಕೋ ಅಂತ ಹೇಳಿ, ಕೆಳಗಿನ ಸಾಲುಗಳನ್ನು ಓದಿದೆ. ಅವಳು ಪೆನ್ನು ತಂದು ಬರೆದುಕೊಂಡಳು. 2018ರಲ್ಲಿ ಅಚ್ಚಾಗಬೇಕಿದ್ದದ್ದು ಇದು.

ತಿದ್ದುಪಡಿ: ಟೆಕ್ಸಾಸ್‌ನಲ್ಲಿ ಗರ್ಭಿಣಿ, ಬಾಣಂತಿಯರ ಸಾವು ಎರಡು ವರ್ಷದಲ್ಲಿ ದುಪ್ಪಟ್ಟಾಗಿದೆ ಎಂದು 2016ರ ಆಗಸ್ಟ್‌ನಲ್ಲಿ ನಾನು ಭಾಷಾಂತರಿಸಿದ ಸುದ್ದಿಯಲ್ಲಿತ್ತು. 2012ರಲ್ಲಿ ಸತ್ತವರು 147 ಅಲ್ಲ, 56 ಎಂದು ನಂತರದ ಪರಿಶೀಲನೆಯಲ್ಲಿ ಕಂಡುಬಂದಿದೆ. ಕ್ಲಿನಿಕ್‌ಗಳ ಅನುದಾನ ಕಡಿತವೇ ಕಾರಣ ಎಂದು ಬರೆದಿದ್ದು ನನ್ನ ತಪ್ಪು. ಮೂಲ ಸುದ್ದಿಯಲ್ಲಿ ಹಾಗಿರಲಿಲ್ಲ. ಏರಿಕೆ ನಂಬಲು ಕಷ್ಟ ಎಂಬ ಸಂಶೋಧಕರ ಮಾತನ್ನು ನಾನು ತೆಗೆದುಹಾಕಿದ್ದೆ. ವಿಷಾದಿಸುತ್ತೇನೆ.