ಆಫ್ ಮಾಡಿದ್ರೂ ತೊಟ್ಟಿಕ್ತಿದ್ದ ಪೆಟ್ರೋಲ್ ಕಾಕ್

ರಾತ್ರಿ ಎಷ್ಟೊತ್ತಲ್ಲೋ ಎಚ್ಚರ ಆಯ್ತು, ಮೂಗಿಗೆ ಪೆಟ್ರೋಲ್ ವಾಸನೆ. ಮಗ್ಗುಲು ಬದಲಾಯಿಸಿ ಮಲ್ಕೊಂಡ್ರೂ ಹೋಗ್ಲಿಲ್ಲ. ಎದ್ದು ಟಾರ್ಚ್ ಹಿಡ್ಕೊಂಡು ಬೈಕ್ ನಿಲ್ಸಿರೋ ಕಡೆ ಬಂದ್ರೆ ಎಂಜಿನ್ ಕೆಳಗೆ ನೆಲದ ಮೇಲೆ ಅಂಗೈ ಅಗಲ ಒದ್ದೆ, ನಾನು ನೋಡ್ತಿರೋ ಹಾಗೇ ಪೆಟ್ರೋಲ್ ಕಾಕಿನ (ಟ್ಯಾಂಕ್ ಕೆಳಗೆ ಪೆಟ್ರೋಲ್ ಬಿಡೋ, ನಿಲ್ಸೋ ನಲ್ಲಿ) ತುದೀಲಿ ಒಂದು ಹನಿ ದಪ್ಪ ಆಗ್ತಾ ಆಗ್ತಾ ಸ್ವಲ್ಪ ಹೊತ್ತು ನೇತಾಡಿ ಟಪ್ ಅಂತ ಬಿತ್ತು. ಅದನ್ನ ತಿರುಗಿಸೋ ಲಿವರ್ ನೋಡಿದ್ರೆ ಆಫಲ್ಲೇ ಇದೆ. ಲೈಟ್ ಹಾಕೋಣ ಅಂತ ಗೋಡೆ ಕಡೆ ಕೈ ಹೋಯ್ತು, ಅಷ್ಟರಲ್ಲಿ ಹಿಂದೆ ಎದ್ದು ಬಂದಿದ್ದ ಅಪ್ಪ ಜೋರಾಗಿ "ಸ್ವಿಚ್ ಮುಟ್ಬೇಡ ಕಣೇ! ಮೊದ್ಲು ಗಾಡಿ ಹೊರಗೆ ತಳ್ಳು" ಅಂದ್ರು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡ್ಕೊಂಡು ಹರಡುತ್ತೆ, ಸ್ವಿಚ್ಚಲ್ಲಿ ಬರೋ ಒಂದು ಸಣ್ಣ ಕಿಡಿ ಸಾಕು ಹತ್ಕೊಳ್ಳೋಕೆ. ಇಬ್ರೂ ಸೇರಿ ಬಯಲಿಗೆ ತಳ್ಳಿ, ಕೆಳಗೆ ಒಂದು ಸ್ಟೀಲ್ ಡಬ್ಬಿ ಇಟ್ಟು, ಬಾಗಿಲು ಕಿಟಕಿ ಎಲ್ಲಾ ತೆಗೆದು ಆಮೇಲೆ ಮಲಗಿದ್ವಿ, ನನಗಂತೂ ನಿದ್ದೆ ಬರ್ಲಿಲ್ಲ.

ಈ ಗಾಡಿ ಅಪ್ಪ ಓಡಿಸ್ತಿದ್ದಿದ್ದು, ನೂರು ಸಿಸಿ ಫೋರ್ ಸ್ಟ್ರೋಕ್, ನನಗಿಂತ ಎರಡು ವರ್ಷ ದೊಡ್ಡದು. ಪಂಪ್ ಗಿಂಪ್ ಏನೂ ಇಲ್ಲ, ಟ್ಯಾಂಕಲ್ಲಿರೋ ಪೆಟ್ರೋಲ್ ತನ್ನ ಭಾರಕ್ಕೆ ತಾನೇ, ಪೆಟ್ರೋಲನ್ನ ಗಾಳಿ ಜೊತೆ ಬೆರೆಸಿ ಎಂಜಿನ್ನಿಗೆ ಕಳ್ಸೋ ಕಾರ್ಬೊರೇಟರಿಗೆ ಇಳಿಯುತ್ತೆ. ಅಂದ್ರೆ ಗಾಡಿ ನಿಂತಾಗ ಅಷ್ಟೂ ಪೆಟ್ರೋಲನ್ನ ತಡೆದು ನಿಲ್ಸೋದು ಈ ಹೆಬ್ಬೆಟ್ಟಿನ ಗಾತ್ರದ ಕಾಕು, ಅದು ಕೈಕೊಟ್ರೆ ಕಾರ್ಬೊರೇಟರ್ ತುಂಬಿದ ತಕ್ಷಣ ದಾರಿ ಮುಚ್ಚೋ ಫ್ಲೋಟಿನ (ತೇಲೋ ಬುರುಡೆ) ಸೂಜಿ, ಅಷ್ಟೇ. ಆ ಸೂಜಿಯ ತುದೀಲಿರೋದು ಪೆನ್ಸಿಲ್ ಮೊನೆಯಷ್ಟು ರಬ್ಬರ್. ಹೊರಗೆ ಬೀಳೋ ಹನಿ ಕಣ್ಣಿಗೆ ಕಾಣುತ್ತೆ, ವಾಸನೆ ಬರುತ್ತೆ, ಗಾಬರಿ ಬೀಳ್ತೀವಿ. ಆದ್ರೆ ನಿಜವಾಗ್ಲೂ ಗಾಬರಿ ಬೀಳ್ಬೇಕಾದ್ದು ಕಾಣದೆ ಒಳಗೆ ಇಳಿಯೋ ಪೆಟ್ರೋಲಿಗೆ, ಅದು ನನಗೆ ಗೊತ್ತಾಗಿದ್ದು ಆಮೇಲೆ.

ಬೆಳಗ್ಗೆ ಮೊದ್ಲು ಮಾಡಿದ ಕೆಲ್ಸ ಲಿವರ್ ಮುಂದಿನ ಪಟ್ಟೀದು ಎರಡು ಸಣ್ಣ ಸ್ಕ್ರೂ ಟೈಟ್ ಮಾಡಿದ್ದು. ಅದು ತಪ್ಪು. ಆ ಪಟ್ಟಿ ಹಿಂದೆ ಅಲೆಅಲೆಯಾಗಿ ಬಗ್ಗಿರೋ ತೆಳು ಸ್ಪ್ರಿಂಗ್ ವಾಷರ್ ಇರುತ್ತೆ, ಲಿವರನ್ನ ಕಾಕಿನ ಒಳಗಿನ ರಬ್ಬರಿಗೆ ಒತ್ತಿ ಹಿಡಿಯೋದು ಅದ್ರ ಕೆಲ್ಸ, ಸ್ಕ್ರೂದಲ್ಲ. ಬಿಗಿ ಮಾಡಿದ್ದಕ್ಕೆ ಲಿವರ್ ಕಲ್ಲಿನ ಹಾಗೆ ಗಟ್ಟಿ ಆಯ್ತು, ಸೋರೋದು ಮಾತ್ರ ನಿಲ್ಲಲಿಲ್ಲ. ಸರಿ, ರಬ್ಬರ್ ಕಿಟ್ ತರಿಸಿ ಬಿಚ್ಚೋಣ ಅಂತ ತೀರ್ಮಾನ ಮಾಡ್ದೆ.

ಬಿಚ್ಚೋಕೆ ಮುಂಚೆ ಒಂದು ಪರೀಕ್ಷೆ ಮಾಡಿದ್ದು ಒಳ್ಳೇದಾಯ್ತು. ಕಾರ್ಬೊರೇಟರಿಂದ ಪೆಟ್ರೋಲ್ ಪೈಪ್ ಕಳಚಿ (ಹಳೇ ಪೈಪ್ ಕೋಲಿನ ಹಾಗೆ ಸೆಟೆದಿತ್ತು, ಎಳೆದ್ರೆ ಕಾರ್ಬೊರೇಟರಿನ ಮೂತಿ ಮುರಿಯುತ್ತೆ ಅಂತ ಬ್ಲೇಡಲ್ಲಿ ಸೀಳಿ ತೆಗೆದೆ) ತುದೀನ ಗಾಜಿನ ಬಾಟಲಿಗೆ ಇಳಿಬಿಟ್ಟು ಲಿವರ್ ಆಫಲ್ಲೇ ಇಟ್ಟೆ. ಅರ್ಧ ಗಂಟೆ ಬಿಟ್ಟು ಬಂದ್ರೆ ಬಾಟಲಿ ತಳದಲ್ಲಿ ಎರಡು ಬೆರಳು ಪೆಟ್ರೋಲ್! ಹೊರಗೆ ಸೋರೋದು ಬೇರೆ, ಒಳಗಿಂದ ಆಫಲ್ಲೂ ದಾಟಿ ಹೋಗ್ತಿರೋದು ಬೇರೆ. ಎರಡು ರೋಗ.

ಲಿವರನ್ನ ರಿಸರ್ವಿಗೆ ತಿರುಗಿಸಿ ಟ್ಯಾಂಕ್ ಪೂರ್ತಿ ಕ್ಯಾನಿಗೆ ಖಾಲಿ ಮಾಡ್ದೆ. ಮೇನಲ್ಲಿಟ್ರೆ ಒಳಗಿರೋ ಉದ್ದ ಕೊಳವೆ ಮಟ್ಟಕ್ಕೆ ಬಂದ ತಕ್ಷಣ ನಿಂತುಹೋಗುತ್ತೆ, ರಿಸರ್ವ್ ತೂತು ಕೆಳಗಿರೋದ್ರಿಂದ ಬಹುಪಾಲು ಇಳಿಯುತ್ತೆ, ಆದ್ರೂ ತಳದಲ್ಲಿ ಸ್ವಲ್ಪ ಉಳಿದೇ ಉಳಿಯುತ್ತೆ. ಸ್ಕ್ರೂಗಳು ತಲೆ ತಿಂದ್ವು. ಹಳೇ ಜಪಾನಿ ಮಾದರಿ ಗಾಡಿಗಳ ಸ್ಕ್ರೂ ನೋಡೋಕೆ ಪ್ಲಸ್ ಹಾಗೇ ಇದ್ರೂ ಅದು ಜೆಐಎಸ್ ಅಂದ್ರೆ ಜಪಾನಿನ ಮಾನದಂಡದ ಅಳತೆ, ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದ್ರೆ ಮೇಲೆದ್ದು ಜಾರಿ ತಲೆ ಸವೆಯುತ್ತೆ. ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ಒಂದು ಗಂಟೆ ಕಾದು, ಸ್ಕ್ರೂಡ್ರೈವರ್ ಹಿಂದೆ ಸುತ್ತಿಗೇಲಿ ಮೆಲ್ಲಗೆ ಎರಡು ಏಟು ಕೊಟ್ಟು, ಪೂರ್ತಿ ಭಾರ ಹಾಕಿ ಒತ್ಕೊಂಡು ತಿರುಗಿಸಿದ್ಮೇಲೆ ಕಿರ್ರ್ ಅಂತ ಬಿಟ್ಕೊಂಡ್ವು.

ಒಳಗೆ ನಾಲ್ಕು ತೂತಿನ ದುಂಡು ರಬ್ಬರ್. ಒಂದು ತೂತು ಮೇನಿಂದ, ಒಂದು ರಿಸರ್ವಿಂದ, ಒಂದು ಕಾರ್ಬೊರೇಟರಿಗೆ ಹೋಗೋದು, ನಾಲ್ಕನೇದು ಎಲ್ಲಿಗೂ ಹೋಗಲ್ಲ. ಲಿವರ್ ಮುಖದಲ್ಲಿರೋ ಒಂದು ಸಣ್ಣ ಕಾಲುವೆ ತಿರುಗಿದ ಹಾಗೆ ಯಾವ ಎರಡು ತೂತನ್ನ ಸೇರಿಸುತ್ತೋ ಅದೇ ಮೇನ್, ಅದೇ ರಿಸರ್ವ್, ಎಲ್ಲಿಗೂ ಹೋಗದ ತೂತಿಗೆ ಸೇರಿಸಿದ್ರೆ ಆಫ್. ಎಷ್ಟು ಸರಳ, ಎಷ್ಟು ಚೆಂದ ಅನ್ನಿಸ್ತು ನಿಜವಾಗ್ಲೂ. ಆ ರಬ್ಬರನ್ನ ಬೆಳಕಿಗೆ ಹಿಡಿದು ಸ್ವಲ್ಪ ಬಗ್ಗಿಸಿ ನೋಡ್ದೆ: ಲಿವರ್ ಒತ್ತಿದ ಗುರುತು ಉಂಗುರದ ಹಾಗೆ ಹಳ್ಳ ಬಿದ್ದಿತ್ತು, ಮೇನ್ ತೂತಿಂದ ಹೊರ ಹೋಗೋ ತೂತಿನವರೆಗೂ ಕೂದಲೆಳೆಯಷ್ಟು ತೆಳುವಾದ ಗೀರು, ಬಗ್ಗಿಸಿದಾಗ ಮಾತ್ರ ಬಾಯಿ ಬಿಡ್ತಿತ್ತು. ಆ ಗೀರಲ್ಲೇ ಎರಡು ಬೆರಳು ಪೆಟ್ರೋಲ್ ಹರಿದಿದ್ದು. ಮಾಡಿದ್ದು ಯಾರು ಅಂದ್ರೆ ಟ್ಯಾಂಕ್ ಒಳಗಿನ ತುಕ್ಕು, ನುಣ್ಣಗಿನ ಕೆಂಪು ಪುಡಿ ರಬ್ಬರ್ ಮೇಲೆ ಅಂಟಿತ್ತು, ಅಯಸ್ಕಾಂತ ಹಿಡಿದ್ರೆ ಎದ್ದು ಬರ್ತಿತ್ತು.

ಲಿವರ್ ಮುಖದಲ್ಲೂ ಗೆರೆ ಇದ್ವು. ಗಾಜಿನ ತುಂಡಿನ ಮೇಲೆ ಸಾವಿರ ನಂಬರಿನ ಎಮರಿ ಪೇಪರ್ ಇಟ್ಟು ಎರಡು ಹನಿ ಎಣ್ಣೆ ಬಿಟ್ಟು ಇಂಗ್ಲಿಷ್ ಎಂಟರ ಆಕಾರದಲ್ಲಿ ಉಜ್ಜಿದೆ, ಆಮೇಲೆ ಸಾವಿರದೈನೂರು. ಗೆರೆ ಹೋಗಿ ಇಡೀ ಮುಖ ಒಂದೇ ಬಣ್ಣ ಬರೋವರೆಗೂ. ಹೊಸ ರಬ್ಬರ್, ಲಿವರಿಗೆ ಹೊಸ ಓ ರಿಂಗ್ (ಸೋರದ ಹಾಗೆ ಸಂದಿ ಮುಚ್ಚೋ ರಬ್ಬರ್ ಬಳೆ), ಎಲ್ಲಾ ಹಾಕಿ ಬಾಟಲಿ ಪರೀಕ್ಷೆ ಮಾಡಿದ್ರೆ ಅರ್ಧ ಗಂಟೆಗೆ ಒಂದು ಹನಿ ಇಲ್ಲ. ಖುಷಿಯಾಗಿ ಮಲಗಿದ್ದೆ, ಬೆಳಗ್ಗೆ ಎದ್ದು ನೋಡಿದ್ರೆ ಕಾಕಿನ ತುದೀಲಿ ಅದೇ ಹನಿ.

ಅಳೋದೊಂದು ಬಾಕಿ. ಯಾರೋ ಗೆಳೆಯರು ಸಿಲಿಕೋನ್ ಬಳಿದುಬಿಡು ಅಂದ್ರು. ದಯವಿಟ್ಟು ಯಾರೂ ಮಾಡ್ಬೇಡಿ. ಸಾಮಾನ್ಯ ಸಿಲಿಕೋನ್ ಪೆಟ್ರೋಲಲ್ಲಿ ಉಬ್ಬಿ ಲೋಳೆ ಆಗಿ ಚೂರು ಚೂರಾಗಿ ಕಳಚಿ ಕಾರ್ಬೊರೇಟರಿಗೆ ಹೋಗುತ್ತೆ, ಅದ್ರೊಳಗೆ ಪೆಟ್ರೋಲ್ ಬಿಡೋ ಸಣ್ಣ ನಳಿಕೆ, ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರ್ ಕೂಡ ಇರಲ್ಲ, ಒಂದು ಚೂರು ಸಾಕು ಮುಚ್ಚೋಕೆ.

ಅಪ್ಪ ಬಂದು ಕೂತ್ರು, ಕಾಕನ್ನ ಬಟ್ಟೇಲಿ ಚೆನ್ನಾಗಿ ಒರೆಸಿದ್ರು. "ಹನಿ ಬೀಳೋ ಜಾಗ ನೋಡ್ಬೇಡ, ಒದ್ದೆ ಶುರುವಾಗೋ ಜಾಗ ನೋಡು. ಒಂದು ಸೀಮೆಸುಣ್ಣ ತಗೊಂಬಾ" ಅಂದ್ರು. ಸೀಮೆಸುಣ್ಣ ಪುಡಿ ಮಾಡಿ ಬ್ರಷ್ಷಲ್ಲಿ ಕಾಕಿನ ಸುತ್ತ, ಟ್ಯಾಂಕಿಗೆ ಸೇರೋ ಕಡೆವರೆಗೂ ಬಳಿದು ಇಬ್ರೂ ಕಾದ್ವಿ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಬಿಳಿ ಪುಡಿ ಮೇಲೆ ಒಂದು ಬೂದು ಬಣ್ಣದ ಚುಕ್ಕೆ, ಲಿವರ್ ಹತ್ರ ಅಲ್ಲ, ತೀರಾ ಮೇಲೆ, ಕಾಕು ಟ್ಯಾಂಕಿಗೆ ಕೂರೋ ಜಾಗದಲ್ಲಿ! ಚುಕ್ಕೆ ಗೆರೆ ಆಯ್ತು, ಗೆರೆ ಕಾಕಿನ ಹಿಂಭಾಗದಲ್ಲಿ ಇಳಿದು ಲಿವರ್ ಸುತ್ತಿ ಕೆಳಗೆ ಬಂದು ಹನಿ ಆಯ್ತು. "ಅಪ್ಪಾ, ನೋಡಿಲ್ಲಿ" ಅಂದೆ, ಅವರು ಆಗ್ಲೇ ನೋಡ್ತಿದ್ರು.

ಮತ್ತೆ ಟ್ಯಾಂಕ್ ಖಾಲಿ, ಈ ಸಲ ಎರಡೂ ಬೋಲ್ಟ್ ಬಿಚ್ಚಿ ಕಾಕು ಪೂರ್ತಿ ಹೊರಗೆ. ಟ್ಯಾಂಕಿಗೆ ಕೂರೋ ಓ ರಿಂಗ್ ಗುಂಡಗಿರಬೇಕಾದ್ದು ಚಪ್ಪಟೆ ಆಗಿ ಉಗುರಲ್ಲಿ ಒತ್ತಿದ್ರೂ ಗುರುತು ಮೂಡದಷ್ಟು ಗಟ್ಟಿ ಆಗಿತ್ತು. ಒಂದು ಬೋಲ್ಟಿಗೆ ಫೈಬರ್ ವಾಷರ್ ಇತ್ತು, ಇನ್ನೊಂದಕ್ಕೆ ಇರ್ಲೇ ಇಲ್ಲ, ಯಾವಾಗ ಕಳೆದುಹೋಗಿತ್ತೋ. ಎಥನಾಲ್ ಬೆರೆಸಿದ ಪೆಟ್ರೋಲಿಗೆ ಹಳೇ ಕಾಲದ ಕೆಲವು ರಬ್ಬರ್ ತಡೆಯಲ್ಲ, ಉಬ್ಬುತ್ತೆ, ಒಣಗಿದ್ಮೇಲೆ ಸೆಟೆಯುತ್ತೆ, ಅದಕ್ಕೆ ಈ ಸಲ ಅದನ್ನ ತಡೆಯೋ ವೈಟಾನ್ ರಬ್ಬರಿನ ಓ ರಿಂಗೇ ಹಾಕಿದೆ. ಒಳಗಿನ ಜಾಲರಿ ಬ್ರಷ್ಷಲ್ಲಿ ತೊಳೆದು, ಬೋಲ್ಟ್ ಎರಡನ್ನೂ ಒಂದೊಂದು ಸುತ್ತು ಸರದಿ ಮೇಲೆ ಬಿಗಿ ಮಾಡಿ, ಹೊಸ ಪೈಪ್, ಹೊಸ ಕ್ಲಿಪ್.

ಇನ್ನೇನು ಕಿಕ್ ಹೊಡೀಬೇಕು, ಅಪ್ಪ ತಡೆದ್ರು. "ಆಯಿಲ್ ನೋಡಿದ್ಯಾ?" ನೋಡಿರ್ಲಿಲ್ಲ. ಕಡ್ಡಿ ತೆಗೆದ್ರೆ ಆಯಿಲ್ ಮೇಲಿನ ಗೆರೆ ದಾಟಿ ಬಂದಿದೆ, ನೀರಿನ ಹಾಗೆ ತೆಳ್ಳಗೆ, ಮೂಗಿನ ಹತ್ರ ತಂದ್ರೆ ಪೆಟ್ರೋಲ್ ಘಾಟು. ಕಾರ್ಬೊರೇಟರ್ ತುಂಬಿ ಉಕ್ಕಿದ್ರೆ ಓವರ್‌ಫ್ಲೋ ಪೈಪಲ್ಲಿ ಹೊರಗೆ ಹೋಗ್ಬೇಕಿತ್ತು, ಆ ಪೈಪಿನ ಬಾಯಿಗೆ ಕಣಜದ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿತ್ತು, ಹಾಗಾಗಿ ಸಿಲಿಂಡರಿಗೆ ಇಳಿದು ಪಿಸ್ಟನ್ ರಿಂಗ್ ದಾಟಿ ಆಯಿಲಿಗೆ ಸೇರಿದೆ. ಆ ತೆಳು ಆಯಿಲಲ್ಲಿ ಓಡಿಸಿದ್ರೆ ಬೇರಿಂಗ್ ಹೋಗ್ತಿತ್ತು, ಸಿಲಿಂಡರಲ್ಲಿ ಜಾಸ್ತಿ ತುಂಬಿದ್ರೆ ಪಿಸ್ಟನ್ ಮೇಲೇಳಕ್ಕಾಗದೆ ಅದನ್ನ ತಳ್ಳೋ ಕನೆಕ್ಟಿಂಗ್ ರಾಡೇ ಬಗ್ತಿತ್ತು. ಕೈಯಲ್ಲಿ ಕಡ್ಡಿ ಹಿಡ್ಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕಿ, ಸಿಲಿಂಡರಲ್ಲಿ ಉಳಿದ ಪೆಟ್ರೋಲ್ ಹೊರಗೆ ಹೋಗ್ಲಿ ಅಂತ ಸ್ಪಾರ್ಕ್ ಪ್ಲಗ್ ತೆಗೆದು ನಾಲ್ಕೈದು ಸಲ ಮೆಲ್ಲಗೆ ಕಿಕ್ ತುಳಿದು, ಫ್ಲೋಟಿನ ಸೂಜಿ ಬದಲಾಯಿಸಿ, ಗೂಡನ್ನ ತಂತಿಯಲ್ಲಿ ಬಿಡಿಸಿದೆ.

ಮೂರು ರಾತ್ರಿ ಗಾಡಿ ಬಯಲಲ್ಲೇ ನಿಂತಿತ್ತು, ಎಂಜಿನ್ ಕೆಳಗೆ ಹಳೇ ಪೇಪರ್ ಹಾಸಿ ನಾಲ್ಕು ಮೂಲೆಗೂ ಕಲ್ಲಿಟ್ಟಿದ್ದೆ. ಮೂರನೇ ಬೆಳಗ್ಗೆ ನಾನು ಏಳೋ ಹೊತ್ತಿಗೆ ಅಪ್ಪ ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ರು, ಪೇಪರ್ ಮೇಲೆ ಅಂಗೈ ಆಡಿಸಿ, ಬೆರಳು ಮೂಸಿ ನೋಡಿ, ಮಡಚಿ ಬಗಲಲ್ಲಿ ಇಟ್ಕೊಂಡ್ರು. ಲಿವರ್ ಮೇನಿಗೆ ತಿರುಗಿಸಿ ಕಾರ್ಬೊರೇಟರ್ ತುಂಬಲಿ ಅಂತ ಅರ್ಧ ನಿಮಿಷ ಬಿಟ್ಟು, "ನೀನೇ ಹೊಡಿ" ಅಂತ ಪಕ್ಕಕ್ಕೆ ಸರಿದ್ರು. ನಾಲ್ಕನೇ ಕಿಕ್ಕಿಗೆ ಹಿಡೀತು.